ಕೊಡ ಒಡೀತು, ಒಡೆದೋರು ಯಾರೂ ಇಲ್ಲ

ಕೈಜಾರಿ ಕೊಡ ಬಿದ್ದಾಗ "ನಾನು ಒಡೆದೆ" ಅಂತ ಬಂದು ಹೇಳೋ ಮಕ್ಕಳು ಕಮ್ಮಿ. "ಅಮ್ಮಾ, ಕೊಡ ಒಡೆದೋಯ್ತು" ಅಂತಲೇ ಬರೋದು. ಒಡೆದೆ, ಒಡೆದೋಯ್ತು. ಈ ಎರಡರ ಸಂದಿಯಲ್ಲಿ ವಿಶ್ವಸಂಸ್ಥೆಯಂಥ ವಿಶ್ವಸಂಸ್ಥೆ ಆರು ವರ್ಷ ಅಡಗಿ ಕೂತಿತ್ತು, ಹೈಟಿ ದೇಶದ ಕಾಲರಾ ವಿಚಾರದಲ್ಲಿ.

ಇದನ್ನ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರಿಗೆ ಅಂತಲೇ ಬರೀತಿರೋದಕ್ಕೆ ಕಾರಣ ಇದೆ. ಸುಜಲ ಜಲಾನಯನ ಯೋಜನೆ 2001ರಲ್ಲಿ ಶುರುವಾಗಿ ಕೋಲಾರ, ತುಮಕೂರು ಎರಡಕ್ಕೂ ಬಂತು. ಮರುವರ್ಷವೇ ಜಲ ಸಂವರ್ಧನೆ ಯೋಜನಾ ಸಂಘದ ಕೆರೆ ಕಾಮಗಾರಿ. ಎರಡಕ್ಕೂ ವಿಶ್ವಬ್ಯಾಂಕಿನ ಸಾಲ. ಚಿಕ್ಕಬಳ್ಳಾಪುರ ಆಗಿನ್ನೂ ಕೋಲಾರದೊಳಗೇ ಇತ್ತು. "ವಿಶ್ವಬ್ಯಾಂಕ್ ದುಡ್ಡಪ್ಪ, ಅಲ್ಲಿ ತಪ್ಪಾದ್ರೆ ಯಾರಾದ್ರೂ ಹೊಣೆ ಹೊರಲೇಬೇಕು" ಅನ್ನೋ ಮಾತು ಆಗಿಂದ ಕೆರೆ ಏರಿ ಮೇಲೆ ಓಡಾಡ್ತಾನೇ ಇದೆ. ಲೆಕ್ಕ ಪಕ್ಕಾ ಇರುತ್ತೆ, ಅದು ನಿಜ. ಹೊಣೆ ವಿಷಯ ಬೇರೆ.

ಮೊದಲು ಹೈಟಿ. ನೀರಿನ ಪ್ರಕರಣ ಆದ್ದರಿಂದ ನಮ್ಮ ಕಡೆಯವರಿಗೆ ಬೇಗ ಅರ್ಥ ಆಗುತ್ತೆ.

2010ರ ಜನವರಿಯಲ್ಲಿ ಅಲ್ಲಿ ಭೂಕಂಪ ಆಯಿತು. ಅಕ್ಟೋಬರ್‌ನಲ್ಲಿ ಮಿರ್ಬಲೆ ಅನ್ನೋ ಊರಿನ ಹತ್ತಿರದ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ಶಿಬಿರಕ್ಕೆ ನೇಪಾಳದಿಂದ ಹೊಸ ತುಕಡಿ ಬಂದಿಳಿಯಿತು. ನೇಪಾಳದಲ್ಲಿ ಆಗ ಕಾಲರಾ ಇತ್ತು. ಶಿಬಿರದ ಪಕ್ಕದಲ್ಲೇ ಒಂದು ಹಳ್ಳ. ಅದು ಕೆಳಗೆ ಹೋಗಿ ಆರ್ಟಿಬೊನೈಟ್ ನದಿಗೆ ಸೇರುತ್ತೆ. ಜನ ಕುಡಿಯೋದು, ಮೀಯೋದು, ಗದ್ದೆಗೆ ಹಾಯಿಸೋದು ಎಲ್ಲಾ ಆ ನದಿ ನೀರೇ. ಶಿಬಿರದ ಪಾಯಿಖಾನೆ ನೀರು ಫೈಬರ್ ಟ್ಯಾಂಕಿಗೆ ಬೀಳೋದು, ಗುತ್ತಿಗೆದಾರನ ಲಾರಿ ಅದನ್ನ ಖಾಲಿ ಮಾಡಿ ಹತ್ತಿರದ ಗುಂಡಿಗೆ ಸುರಿಯೋದು. ಗುಂಡಿಗೆ ಮುಚ್ಚಳ ಇಲ್ಲ, ಬೇಲಿ ಇಲ್ಲ, ಜೋರು ಮಳೆ ಬಂದರೆ ತುಂಬಿ ಹರಿಯೋ ಜಾಗ. ಬೇರೆ ಎರಡು ಶಿಬಿರಗಳ ಮಲವೂ ಅಲ್ಲಿಗೇ ಬರೋದು. ಶಿಬಿರದೊಳಗೆ ಪೈಪುಗಳು ಒಡೆದಿದ್ದವು, ಜೋಡಣೆ ಸಡಿಲ ಇತ್ತು. ಕೆಲವು ಪೈಪು ತೆರೆದ ಚರಂಡಿಯ ಮೇಲೇ ಹಾದಿದ್ದವು, ಆ ಚರಂಡಿ ಸೀದಾ ಹಳ್ಳಕ್ಕೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡೋ ಟ್ಯಾಂಕರ್ ಕತ್ತಲಾದ ಮೇಲೆ ಎಲ್ಲಿ ಸುರಿದು ಬರುತ್ತೆ ಅನ್ನೋದನ್ನ ನೋಡಿರೋರಿಗೆ ಇದಕ್ಕಿಂತ ವಿವರಣೆ ಬೇಡ.

ಸತ್ತವರು ಹತ್ತಿರ ಹತ್ತಿರ 10,000. ಕಾಯಿಲೆ ಬಿದ್ದವರು ಸುಮಾರು 8 ಲಕ್ಷ.

ಈಗ ಸಂಸ್ಥೆ ಏನು ಮಾಡ್ತು ನೋಡಿ. ಒಂದೊಂದು ಹೆಜ್ಜೆಯನ್ನೂ ಗಮನಿಸಬೇಕು, ಯಾಕಂದ್ರೆ ಬೇರೆ ಹಗರಣಗಳಲ್ಲೂ ಬಹುಪಾಲು ಇದೇ ಕ್ರಮ.

ಅಕ್ಟೋಬರ್ ಕೊನೆಯ ಹೊತ್ತಿಗೆ ಮೊದಲ ಹೇಳಿಕೆ ಬಂತು: ಶಿಬಿರದಲ್ಲಿ ಏಳು ಸೆಪ್ಟಿಕ್ ಟ್ಯಾಂಕ್ ಇವೆ, ಅಮೆರಿಕದ ಪರಿಸರ ಸಂಸ್ಥೆಯ ಮಾನದಂಡದ ಪ್ರಕಾರ ಕಟ್ಟಿದ್ದು, ಖಾಸಗಿ ಕಂಪನಿ ವಾರವಾರ ಖಾಲಿ ಮಾಡುತ್ತೆ. ಆರೋಪಕ್ಕೆ ಇದು ಉತ್ತರವೇ ಅಲ್ಲ. ಕಾಗದದ ಮೇಲಿನ ನಕ್ಷೆಯನ್ನ ಓದಿ ಹೇಳಿದ್ದು ಅಷ್ಟೆ. ಹಳ್ಳದ ನೀರಲ್ಲಿ ಏನಿದೆ ಅಂತ ಕೇಳಿದರೆ ಟ್ಯಾಂಕಿನ ಅಳತೆ ಹೇಳೋದು. ಜೊತೆಗೆ "ಖಾಸಗಿ ಕಂಪನಿ" ಅನ್ನೋ ಪದವನ್ನ ಮೊದಲ ದಿನವೇ ವಾಕ್ಯದೊಳಗೆ ಕೂರಿಸಿದ್ದು ಸುಮ್ಮನೆ ಅಲ್ಲ. ಮಂಗ ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸೋದಕ್ಕೆ ಮೊದಲು ಹತ್ತಿರದಲ್ಲಿ ಒಂದು ಮೇಕೆ ಕಟ್ಟಿರಬೇಕಲ್ಲ.

ಆಮೇಲಿನ ವಾರಗಳಲ್ಲಿ ಬಂದ ಮಾತು: ರೋಗದ ಮೂಲ ಹುಡುಕೋದು ಈಗ ಮುಖ್ಯ ಅಲ್ಲ, ಜೀವ ಉಳಿಸೋದು ಮುಖ್ಯ. ಕೇಳೋಕೆ ಎಷ್ಟು ಸರಿ ಅನ್ಸುತ್ತೆ! ಆದರೆ ಮೂಲ ಗೊತ್ತಾಗೋ ಸಾಕ್ಷಿ, ಅಂದ್ರೆ ಗುಂಡಿ, ಪೈಪು, ಸೈನಿಕರ ಮಲದ ಮಾದರಿ, ಮೊದಲ ಕೆಲವು ವಾರ ಮಾತ್ರ ಸಿಗೋದು. ಆಮೇಲೆ ಪೈಪು ರಿಪೇರಿ ಆಗುತ್ತೆ, ತುಕಡಿ ಬದಲಾಗುತ್ತೆ. ಫ್ರಾನ್ಸಿನ ಸಾಂಕ್ರಾಮಿಕ ರೋಗ ತಜ್ಞ ರೆನೋ ಪಿಯರು ನವೆಂಬರ್‌ನಲ್ಲೇ ಅಲ್ಲಿಗೆ ಹೋಗಿ, ಊರೂರಿನ ರೋಗಿಗಳ ಲೆಕ್ಕ ಇಟ್ಟುಕೊಂಡು, ಶಿಬಿರದ ಕಡೆಗೇ ಬೆರಳು ತೋರಿಸಿದ್ದರು.

ಒತ್ತಡ ಜಾಸ್ತಿ ಆದಾಗ ಸ್ವತಂತ್ರ ತಜ್ಞರ ಸಮಿತಿ. ನಾಲ್ಕು ಜನ, ಅವರಲ್ಲಿ ಒಬ್ಬರು ನಮ್ಮ ದೇಶದ ಜಿ. ಬಾಲಕೃಷ್ ನಾಯರ್. ನಾಲ್ವರೂ ಕೆಲಸ ಬಲ್ಲವರು, ವಿಜ್ಞಾನದ ಭಾಗವನ್ನ ಪ್ರಾಮಾಣಿಕವಾಗಿ ಮಾಡಿದರು. ಮೇಲೆ ಬರೆದ ಗುಂಡಿ, ಪೈಪು, ಚರಂಡಿಯ ವಿವರ ಬಂದದ್ದೇ ಅವರ ವರದಿಯಿಂದ. ಆದರೆ ಸಮಿತಿಗೆ ಕೊಟ್ಟ ಕೆಲಸ "ಮೂಲ ಪತ್ತೆ ಹಚ್ಚಿ" ಅನ್ನೋದು, "ಹೊಣೆ ಯಾರದ್ದು ಹೇಳಿ" ಅನ್ನೋದಲ್ಲ. 2011ರ ಮೇ ತಿಂಗಳ ವರದಿ ಹೇಳಿದ್ದು: ರೋಗಾಣು ದಕ್ಷಿಣ ಏಷ್ಯಾದ ತಳಿ, ಮನುಷ್ಯರ ಚಟುವಟಿಕೆಯಿಂದ ಹಳ್ಳಕ್ಕೆ ಬಿದ್ದದ್ದು. ಕೊನೆಯಲ್ಲಿ ಇನ್ನೊಂದು ಮಾತು: ಇಷ್ಟು ದೊಡ್ಡದಾಗಿ ಹರಡಿದ್ದು ಹಲವು ಸಂದರ್ಭಗಳು ಒಟ್ಟಿಗೆ ಕೂಡಿಬಂದದ್ದರಿಂದ, ಯಾವ ಗುಂಪಿನ ಅಥವಾ ವ್ಯಕ್ತಿಯ ತಪ್ಪೂ ಅಲ್ಲ. ಕೊಡ ಒಡೆದೋಯ್ತು. ಯಾರೂ ಕೇಳದ ಪ್ರಶ್ನೆಗೆ ಬರೆದ ಆ ಒಂದು ವಾಕ್ಯವನ್ನ ಸಂಸ್ಥೆ ಮುಂದಿನ ಐದು ವರ್ಷ ಗುರಾಣಿ ಮಾಡಿಕೊಂಡಿತು. ಅದೇ ನಾಲ್ವರು 2013ರಲ್ಲಿ, ಸಮಿತಿ ಮುಗಿದ ಮೇಲೆ, ಸ್ವಂತ ಹೆಸರಲ್ಲಿ ಬರೆದ ಲೇಖನದಲ್ಲಿ ಶಿಬಿರದ ಸಿಬ್ಬಂದಿಯೇ ಮೂಲ ಆಗಿರೋ ಸಾಧ್ಯತೆ ಅತಿ ಹೆಚ್ಚು ಅಂದರು. ಅಷ್ಟರಲ್ಲಿ ಪತ್ರಿಕೆಗಳು ಬೇರೆ ಸುದ್ದಿಗೆ ಹೋಗಿದ್ದವು.

ಹಾಗಾಗಿ ಯಾವ ತನಿಖಾ ವರದಿ ಬಂದರೂ ತೀರ್ಮಾನದ ಪುಟಕ್ಕೆ ಹಾರಬೇಡಿ. ಮೊದಲು ಆದೇಶದ ಪುಟ ತೆಗೆಯಿರಿ. ಯಾರು ನೇಮಿಸಿದ್ದು, ಏನು ಕೇಳಿದ್ದು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ವರದಿ ಯಾರ ಕೈಗೆ ಹೋಗಬೇಕು, ಪೂರ್ತಿ ಪ್ರಕಟಿಸೋ ಕರಾರು ಇದೆಯಾ. ಇವಕ್ಕೆ ಉತ್ತರ ಸಿಕ್ಕರೆ ವರದಿ ಏನು ಹೇಳಲಾರದು ಅನ್ನೋದು ಓದೋ ಮುಂಚೆಯೇ ತಿಳಿಯುತ್ತೆ. ಫುಟ್‌ಬಾಲಿನ ವಿಶ್ವ ಸಂಘಟನೆ ಫಿಫಾದಲ್ಲಿ ಈ ಕೊನೆಯ ಕರಾರಿನ ಮೇಲೇ ಗಲಾಟೆ ಆದದ್ದು. ವಿಶ್ವಕಪ್ ಯಾವ ದೇಶದಲ್ಲಿ ಅನ್ನೋ ಹಂಚಿಕೆ ಬಗ್ಗೆ ತನಿಖೆ ಮಾಡಿದ ಮೈಕೆಲ್ ಗಾರ್ಸಿಯಾ ಬರೆದದ್ದು 400ಕ್ಕೂ ಹೆಚ್ಚು ಪುಟ, 2014ರ ನವೆಂಬರ್‌ನಲ್ಲಿ ಸಂಸ್ಥೆ ಹೊರಗೆ ಬಿಟ್ಟದ್ದು 42 ಪುಟದ ಸಾರಾಂಶ. ಸಾರಾಂಶ ಅಪೂರ್ಣ, ತಪ್ಪುಗಳಿಂದ ಕೂಡಿದೆ ಅಂತ ಬರೆದವರೇ ಹೇಳಿ, ಮುಂದಿನ ತಿಂಗಳು ರಾಜೀನಾಮೆ ಕೊಟ್ಟು ಹೋದರು.

ಹೈಟಿಗೆ ವಾಪಸ್ ಬರೋಣ. 2011ರ ನವೆಂಬರ್‌ನಲ್ಲಿ ಸುಮಾರು 5,000 ಸಂತ್ರಸ್ತರ ಪರವಾಗಿ ವಕೀಲರು ಪರಿಹಾರದ ಅರ್ಜಿ ಹಾಕಿದರು. ಉತ್ತರ ಬಂದದ್ದು 15 ತಿಂಗಳ ಮೇಲೆ, 2013ರ ಫೆಬ್ರವರಿಯಲ್ಲಿ. ನಮ್ಮ ತಾಲ್ಲೂಕು ಕಚೇರಿಯ ಹಿಂಬರಹ ನೋಡಿದ್ದೀರಲ್ಲ, "ಸದರಿ ಅರ್ಜಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ" ಅಂತ? ಅದೇ. ಈ ಅರ್ಜಿಗಳನ್ನ ಪರಿಶೀಲಿಸಿದರೆ ರಾಜಕೀಯ ಮತ್ತು ನೀತಿಯ ವಿಚಾರಗಳನ್ನ ಕೆದಕಬೇಕಾಗುತ್ತೆ, ಆದ್ದರಿಂದ ಇವು ಸ್ವೀಕಾರಾರ್ಹ ಅಲ್ಲ. ಕಾರಣಕ್ಕೆ ಖರ್ಚು ಮಾಡಿದ್ದು ಒಂದೆರಡು ವಾಕ್ಯ.

ಆ ವಾಕ್ಯದ ಹಿಂದೆ ಇರೋ ಕಾನೂನನ್ನ ತಿಳ್ಕೊಳ್ಳದೆ ಮಿಕ್ಕಿದ್ದು ಅರ್ಥ ಆಗಲ್ಲ. 1946ರ ಒಪ್ಪಂದದ ಪ್ರಕಾರ ವಿಶ್ವಸಂಸ್ಥೆ ಮೇಲೆ ಯಾವ ದೇಶದ ಕೋರ್ಟಲ್ಲೂ ಕೇಸು ನಡೆಯಲ್ಲ. ಅದೇ ಒಪ್ಪಂದದ 29ನೇ ಕಲಂ ಹೇಳುತ್ತೆ, ಖಾಸಗಿ ಸ್ವರೂಪದ ವ್ಯಾಜ್ಯ ಆದರೆ ಸಂಸ್ಥೆಯೇ ತೀರ್ಮಾನಕ್ಕೆ ದಾರಿ ಮಾಡಿಕೊಡಬೇಕು. ಲಾರಿ ಗುದ್ದಿದ್ದು, ಜಮೀನು ಹಾಳಾದದ್ದು, ಕಾಯಿಲೆ ಬಂದದ್ದು ಇಂಥವು. ಅದಕ್ಕೇ ಹೈಟಿ ಸರ್ಕಾರದ ಜೊತೆಗಿನ 2004ರ ಕರಾರಿನಲ್ಲಿ ಒಂದು ಪರಿಹಾರ ಆಯೋಗ ಇರಬೇಕು ಅಂತ ಬರೆದಿತ್ತು. ಆ ಆಯೋಗ ಒಂದು ದಿನವೂ ಕೂರಲಿಲ್ಲ. ಹೈಟಿಯಲ್ಲಿ ಮಾತ್ರ ಅಲ್ಲ, ಯಾವ ಶಾಂತಿಪಾಲನಾ ಕಾರ್ಯಾಚರಣೆಯಲ್ಲೂ ಅಂಥ ಆಯೋಗ ಇವತ್ತಿನವರೆಗೆ ರಚನೆ ಆಗಿಲ್ಲ. ಸಾವು-ನೋವಿನ ಪರಿಹಾರಕ್ಕೆ 1998ರಲ್ಲಿ ಮಹಾಸಭೆ ಹಾಕಿದ ಮಿತಿ ತಲೆಗೆ 50,000 ಡಾಲರ್. ಹತ್ತು ಸಾವಿರ ಸಾವಿಗೆ ಗುಣಿಸಿ ನೋಡಿ, 50 ಕೋಟಿ ಡಾಲರ್ ಆಗುತ್ತೆ, ಕಾಯಿಲೆ ಬಿದ್ದು ಉಳಿದವರನ್ನ ಬಿಟ್ಟು. "ಖಾಸಗಿ ಸ್ವರೂಪದ್ದಲ್ಲ" ಅನ್ನೋ ತೀರ್ಮಾನಕ್ಕೆ ಈ ಗುಣಾಕಾರವೇ ಕಾರಣ ಅಂತ ನನ್ನ ಅನಿಸಿಕೆ. ಪತ್ರದಲ್ಲಿ ಅದು ಇಲ್ಲ, ಇರೋದೂ ಇಲ್ಲ.

ನ್ಯೂಯಾರ್ಕಿನ ಕೋರ್ಟಿಗೂ ಹೋದರು. ರಕ್ಷಣೆ ಇದೆ ಅಂತ ಕೇಸು ವಜಾ ಆಯಿತು, 2016ರ ಆಗಸ್ಟ್‌ನಲ್ಲಿ ಮೇಲ್ಮನವಿಯೂ ಬಿತ್ತು. ಅದೇ ತಿಂಗಳು ವಿಶ್ವಸಂಸ್ಥೆಯದ್ದೇ ಮಾನವ ಹಕ್ಕು ವರದಿಗಾರ ಫಿಲಿಪ್ ಆಲ್‌ಸ್ಟನ್ ಅವರ ವರದಿ ಹೊರಬಂತು. ಸಂಸ್ಥೆಯ ನಿಲುವು ನೈತಿಕವಾಗಿ ಸಹಿಸಲಾಗದ್ದು, ಕಾನೂನಲ್ಲಿ ಸಮರ್ಥಿಸಲಾಗದ್ದು ಅಂತ ಮುಲಾಜಿಲ್ಲದೆ ಬರೆದಿದ್ದರು. ಕೋರ್ಟಿನ ಭಯ ಹೋಯ್ತು, ಮಾನ ಹೋಗೋ ಭಯ ಬಂತು. ಡಿಸೆಂಬರ್ 1ರಂದು ಆಗಿನ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಮಹಾಸಭೆಯಲ್ಲಿ ಕ್ಷಮೆ ಕೇಳಿದರು, ಮೊದಲು ಹೈಟಿಯ ಕ್ರಿಯೋಲ್ ಭಾಷೆಯಲ್ಲೇ. ಅವರ ಅವಧಿ ಮುಗಿಯೋಕೆ ಒಂದು ತಿಂಗಳಿತ್ತು.

ಆ ಕ್ಷಮೆಯನ್ನ ನಿಧಾನವಾಗಿ ಓದಬೇಕು. ಕಾಲರಾ ವಿಚಾರದಲ್ಲಿ, ಅದು ಹರಡಿದ ವಿಚಾರದಲ್ಲಿ, ನಾವು ಮಾಡಬೇಕಾದಷ್ಟು ಮಾಡಲಿಲ್ಲ ಅನ್ನೋದು ಸಾರ. ತಂದದ್ದಕ್ಕೆ ಕ್ಷಮೆ ಅಲ್ಲ, ಬಂದ ಮೇಲೆ ಸಾಲುವಷ್ಟು ಮಾಡದೇ ಹೋದದ್ದಕ್ಕೆ. ನಮ್ಮ ಪಾತ್ರದ ಬಗ್ಗೆ ತೀವ್ರ ವಿಷಾದ ಅಂತಲೂ ಇತ್ತು. ಪಾತ್ರ ಏನು ಅನ್ನೋದು ಇರಲಿಲ್ಲ. "ತಂದೆವು" ಅನ್ನೋ ಒಂದು ಕ್ರಿಯಾಪದ ಬಿದ್ದಿದ್ದರೆ ಅದರ ಹಿಂದೆ ಬಿಲ್ಲು ಬರೋದು.

ದುಡ್ಡಿನ ಖಾತೆ ನೋಡಿದರೆ ಇದು ಇನ್ನೂ ಸ್ಪಷ್ಟ. ಊರ ಜಾತ್ರೆಗೆ ಮನೆಗಿಷ್ಟು ಅಂತ ಎತ್ತೋ ವಂತಿಗೆ ಬೇರೆ, ಹುಂಡಿಗೆ ಬೀಳೋದು ಬೇರೆ. ವಂತಿಗೆ ಕೊಡದೇ ಇದ್ದರೆ ಊರು ಕೇಳುತ್ತೆ, ಹುಂಡಿಗೆ ಹಾಕಲಿಲ್ಲ ಅಂತ ಯಾರೂ ಕೇಳಲ್ಲ. ಶಾಂತಿಪಾಲನಾ ಪಡೆಯ ಖರ್ಚು ವಂತಿಗೆಯಿಂದ ಬರೋದು, ಪ್ರತಿ ದೇಶಕ್ಕೂ ಪಾಲು ನಿಗದಿ. ಹೈಟಿ ಪಡೆಗೆ ಕೊನೆಯ ವರ್ಷಗಳಲ್ಲೂ ವರ್ಷಕ್ಕೆ ಸುಮಾರು 35 ಕೋಟಿ ಡಾಲರ್ ಆಗ್ತಿತ್ತು, ಬರ್ತಾನೂ ಇತ್ತು. ಕಾಲರಾಗೆ ಘೋಷಿಸಿದ 40 ಕೋಟಿ ಡಾಲರನ್ನ ಮಾತ್ರ ಹುಂಡಿಗೆ ಬಿಟ್ಟರು. ಮೊದಲ ವರ್ಷಗಳಲ್ಲಿ ಹತ್ತರಲ್ಲಿ ಒಂದು ಪಾಲೂ ಬೀಳಲಿಲ್ಲ. 2017ರಲ್ಲಿ ಹೊಸ ಮಹಾಕಾರ್ಯದರ್ಶಿ ಗುಟೆರಸ್, ಪಡೆಯ ಬಜೆಟ್ಟಲ್ಲಿ ಉಳಿದಿದ್ದ 4.05 ಕೋಟಿ ಡಾಲರನ್ನ ವಾಪಸ್ ಕೇಳಬೇಡಿ, ಕಾಲರಾ ನಿಧಿಗೆ ಬಿಡಿ ಅಂತ ದೇಶಗಳನ್ನ ಕೇಳಿಕೊಂಡರು. ಒಪ್ಪಿದವು ಕೆಲವೇ. ಸಂತ್ರಸ್ತರಿಗೆ ಅಂತ ಇದ್ದ ಭಾಗವೂ ಮನೆಮನೆಗೆ ಹೋಗಲಿಲ್ಲ, ಊರಿಗೆ ಒಂದು ಕಾಮಗಾರಿ ಅನ್ನೋ ರೂಪ ತಾಳಿತು. ಕಾಮಗಾರಿ ಅಂದ ಮೇಲೆ ಅದು ಪರಿಹಾರ ಅಲ್ಲ, ನೆರವು. ನೆರವು ಕೊಡೋನು ತಪ್ಪಿತಸ್ಥ ಅಲ್ಲ, ದಾನಿ!

ವಿಶ್ವ ಆರೋಗ್ಯ ಸಂಸ್ಥೆಯದ್ದೂ ಇದೇ ದಾರಿ. ಕಾಂಗೋದಲ್ಲಿ 2018ರಿಂದ 2020ರವರೆಗೆ ಎಬೋಲಾ ಕೆಲಸಕ್ಕೆ ಹೋದವರಿಂದ ಹೆಣ್ಣುಮಕ್ಕಳ ಮೇಲೆ ಲೈಂಗಿಕ ಶೋಷಣೆ ನಡೆದದ್ದನ್ನ 2021ರ ಸೆಪ್ಟೆಂಬರ್‌ನಲ್ಲಿ ಸ್ವತಂತ್ರ ಆಯೋಗ ಹೊರಹಾಕಿತು. ಆರೋಪಿಗಳು 83, ಅವರಲ್ಲಿ ಸಂಸ್ಥೆಯದ್ದೇ ಸಿಬ್ಬಂದಿ 21. ಮುಖ್ಯಸ್ಥರು ಕ್ಷಮೆ ಕೇಳಿದರು, 20 ಲಕ್ಷ ಡಾಲರಿನ ನೆರವು ನಿಧಿ ಮಾಡಿದರು. ನೂರಕ್ಕೂ ಹೆಚ್ಚು ಹೆಂಗಸರಿಗೆ ಸಿಕ್ಕಿದ್ದು ತಲಾ 250 ಡಾಲರ್ ಅಂತ 2023ರಲ್ಲಿ ಪತ್ರಿಕೆಗಳು ಬರೆದವು. ದೂರು ಬಂದಾಗ ಸುಮ್ಮನಿದ್ದ ಮೇಲಧಿಕಾರಿಗಳ ಮೇಲೆ ತಪ್ಪು ನಿಲ್ಲಲಿಲ್ಲ. ಅದಕ್ಕೆ ಸಿಕ್ಕ ಸಂದಿ ಏನು ಗೊತ್ತಾ? ಸಂತ್ರಸ್ತೆ ಸಂಸ್ಥೆಯ ನೆರವಿನ ನೇರ ಫಲಾನುಭವಿ ಅಲ್ಲ, ಆದ್ದರಿಂದ ನಿಯಮ ಅನ್ವಯ ಆಗಲ್ಲ. ಫಲಾನುಭವಿ ಪಟ್ಟಿಯ ಕಷ್ಟ ನಮಗೇನು ಹೊಸದಲ್ಲ. ಈ ಕೆಲಸಕ್ಕೂ ಅದು ಬರುತ್ತೆ ಅಂತ ಮಾತ್ರ ಗೊತ್ತಿರಲಿಲ್ಲ.

ಒಳಗಿನವರೇ ಬಾಯಿ ಬಿಟ್ಟರೆ? ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ಫ್ರೆಂಚ್ ಸೈನಿಕರು ಮಕ್ಕಳ ಮೇಲೆ ಅತ್ಯಾಚಾರ ಮಾಡಿದ ಆರೋಪದ ಒಳವರದಿಯನ್ನ ಆಂಡರ್ಸ್ ಕೊಂಪಾಸ್ ಅನ್ನೋ ವಿಶ್ವಸಂಸ್ಥೆ ಅಧಿಕಾರಿ 2014ರಲ್ಲಿ ಫ್ರಾನ್ಸಿಗೆ ಕೊಟ್ಟರು. 2015ರಲ್ಲಿ ಅಮಾನತಾದದ್ದು ಅವರೇ. ಮಕ್ಕಳಿಗೆ ಏನಾಯಿತು ಅನ್ನೋದಕ್ಕಿಂತ ಕಾಗದ ಹೇಗೆ ಹೊರಗೆ ಹೋಯಿತು ಅನ್ನೋದು ಮುಂದಿನ ಕಡತ ಆಯಿತು. ಆಮೇಲೆ ಅವರು ತಪ್ಪಿತಸ್ಥರಲ್ಲ ಅಂತ ತೀರ್ಮಾನವಾಯಿತು, ಅವರು ಕೆಲಸ ಬಿಟ್ಟರು.

ಒಂದು ಮಾತು ಸಂಸ್ಥೆಗಳ ಪರವಾಗಿಯೂ ಹೇಳಬೇಕು. ದೇಶಗಳು ಮಾಡಿದ ತಪ್ಪಿಗೆ ಸಂಸ್ಥೆಯ ಬಾಯಿಗೆ ಮೊಸರು ಒರೆಸೋದೂ ಅಷ್ಟೇ ಉಂಟು. ರುವಾಂಡಾದಲ್ಲಿ ನರಮೇಧ ನಡೀತಿದ್ದಾಗ, 1994ರ ಏಪ್ರಿಲ್ 21ರಂದು, ಅಲ್ಲಿನ ಪಡೆಯನ್ನ 270 ಜನಕ್ಕೆ ಇಳಿಸಿ ಅಂತ ಕೈ ಎತ್ತಿದ್ದು ಭದ್ರತಾ ಮಂಡಳಿಯ ದೇಶಗಳು. "ವಿಶ್ವಸಂಸ್ಥೆ ವಿಫಲ" ಅನ್ನೋ ತಲೆಬರಹದಲ್ಲಿ ಆ ದೇಶಗಳ ಹೆಸರೇ ಇರಲಿಲ್ಲ. ಸಂಸ್ಥೆಯನ್ನ ಇಟ್ಟುಕೊಂಡಿರೋದೇ ಇದಕ್ಕೇನೋ ಅಂತ ಕೆಲವು ಸಲ ಅನ್ಸುತ್ತೆ.

ಬಾಂಗ್ಲಾದೇಶದ ಕೊಳವೆಬಾವಿ ವಿಷಯ ಪಾವಗಡ, ಬಾಗೇಪಲ್ಲಿಯವರು ಓದಲೇಬೇಕಾದ್ದು. ಕುಂಟೆ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯ್ತಿದ್ದರು ಅಂತ 1970ರ ದಶಕದಿಂದ ಯುನಿಸೆಫ್ ಮತ್ತಿತರರು ಕೈಪಂಪು ಕೊಳವೆಬಾವಿಗಳನ್ನ ಹಾಕಿಸಿದರು. 1993ರಲ್ಲಿ ಅಲ್ಲಿನ ನೀರಲ್ಲಿ ಆರ್ಸೆನಿಕ್ ಪತ್ತೆ ಆಯಿತು. ಉತ್ತರ: ಆ ಕಾಲದ ಪರೀಕ್ಷಾ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಸುಳ್ಳಲ್ಲ. 1992ರಲ್ಲಿ ಬ್ರಿಟಿಷ್ ಭೂವಿಜ್ಞಾನ ಸಮೀಕ್ಷೆಯವರೂ ನೀರು ಪರೀಕ್ಷಿಸಿ ಆರ್ಸೆನಿಕ್ ಅಳೆಯದೇ ಬಿಟ್ಟಿದ್ದರು. ಅದರ ಮೇಲೆ ಲಂಡನ್ನಿಗೆ ಹೋದ ಕೇಸು 2006ರಲ್ಲಿ ಬಿದ್ದುಹೋಯ್ತು. ಹೀಗೆ ಯಾರ ತಪ್ಪೂ ಇಲ್ಲದೆ ಸುಮಾರು 50 ಲಕ್ಷ ಬಾವಿ ಪರೀಕ್ಷಿಸಿ, ಬಳಸಬಹುದಾದ್ದಕ್ಕೆ ಹಸಿರು, ಬಳಸಬಾರದ್ದಕ್ಕೆ ಕೆಂಪು ಬಣ್ಣ ಬಳಿಯಬೇಕಾಯಿತು. ಸುಮಾರು 14 ಲಕ್ಷ ಕೆಂಪು. ನಮ್ಮಲ್ಲಿ ಫ್ಲೋರೈಡ್ ಮಿತಿ ಲೀಟರಿಗೆ 1.5 ಮಿಲಿಗ್ರಾಂ ಅಂತ ಬಾಯಿಪಾಠ ಆಗಿದೆ. ವರದಿ ಕೈಗೆ ಬಂದಾಗ ಅದೊಂದನ್ನೇ ನೋಡಿ ಮಡಚಿಡ್ತೀವಿ. ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡೋ ಕೆ.ಸಿ. ವ್ಯಾಲಿ ನೀರಿನ ವರದಿಯಾದರೂ ಅಷ್ಟೇ: ಎರಡು ಹಂತದ ಶುದ್ಧೀಕರಣ ಸಾಕಾ, ಮೂರನೇದು ಬೇಕಾ ಅಂತ ಜಗಳ ಆಡೋ ಮುಂಚೆ, ಏನೇನು ಅಳೆದಿದ್ದಾರೆ, ಏನನ್ನ ಬಿಟ್ಟಿದ್ದಾರೆ, ಮಾದರಿ ತೆಗೆದದ್ದು ಘಟಕದ ಬಾಯಲ್ಲಾ ಕೆರೆ ತೂಬಲ್ಲಾ ಅಂತ ನೋಡಿ.

ಇನ್ನು ದೂರು ಕೊಡೋ ದಾರಿ. ಇದು ಹುಟ್ಟಿದ್ದೇ ನಮ್ಮ ದೇಶದ ನದಿಯಿಂದ. ನರ್ಮದೆಯ ಸರ್ದಾರ್ ಸರೋವರ ಅಣೆಕಟ್ಟಿಗೆ ವಿಶ್ವಬ್ಯಾಂಕ್ 1985ರಲ್ಲಿ 45 ಕೋಟಿ ಡಾಲರ್ ಒಪ್ಪಿತ್ತು. ಜನ ಬಿಡದೆ ಹೋರಾಡಿದ ಮೇಲೆ ಬ್ರಾಡ್‌ಫರ್ಡ್ ಮೋರ್ಸ್ ಸಮಿತಿ ಬಂತು. 1992ರ ಜೂನ್‌ನಲ್ಲಿ, ಬ್ಯಾಂಕ್ ಹಿಂದೆ ಸರಿದು ಮತ್ತೆ ಯೋಚಿಸಲಿ ಅಂತ ಬರೆಯಿತು. ಬ್ಯಾಂಕ್ ಸರಿಯಲಿಲ್ಲ. ಷರತ್ತು ಹಾಕಿ ಮುಂದುವರಿಸಿತು. 1993ರ ಮಾರ್ಚ್‌ನಲ್ಲಿ ಭಾರತವೇ ಉಳಿದ ಸಾಲ ಬೇಡ ಅಂದಿತು, ಬ್ಯಾಂಕಿನ ಮೈಮೇಲೆ ಹೊಣೆ ಬರಲೇ ಇಲ್ಲ. ಆದರೂ ಮಾನ ಹೋಗಿತ್ತು. ಅದೇ ಸೆಪ್ಟೆಂಬರ್‌ನಲ್ಲಿ, ಬ್ಯಾಂಕಿನ ಮೇಲಿನ ದೂರು ಕೇಳೋ ತಪಾಸಣಾ ಮಂಡಳಿ (ಇನ್‌ಸ್ಪೆಕ್ಷನ್ ಪ್ಯಾನಲ್) ಹುಟ್ಟಿತು.

ವಿಶ್ವಬ್ಯಾಂಕ್ ಸಾಲದ ಯೋಜನೆಯಿಂದ ಹಾನಿಯಾದ ಇಬ್ಬರು ಅಥವಾ ಹೆಚ್ಚು ಜನ ಒಟ್ಟಿಗೆ ಈ ಮಂಡಳಿಗೆ ಬರೀಬಹುದು. ಮೊದಲು ಬ್ಯಾಂಕಿನ ಸಿಬ್ಬಂದಿಗೇ ತಿಳಿಸಿರಬೇಕು. ಇಲ್ಲೇ ಬಹಳ ಅರ್ಜಿ ಎಡವೋದು. ಜಿಲ್ಲಾಧಿಕಾರಿಗೆ, ಯೋಜನಾ ಕಚೇರಿಗೆ ಹತ್ತು ಸಲ ಕೊಟ್ಟಿರ್ತಾರೆ, ಬ್ಯಾಂಕಿಗೆ ಒಂದೂ ಹೋಗಿರಲ್ಲ. ಯಾವ ದಿನ ಯಾರಿಗೆ ಕಳಿಸಿದಿರಿ ಅನ್ನೋದರ ನಕಲು, ಸ್ವೀಕೃತಿ ಮುದ್ರೆ ಅಥವಾ ಇನ್‌ವರ್ಡ್ ನಂಬರ್ ಇಟ್ಟುಕೊಳ್ಳಿ. ಸಾಲ ಮುಗಿದು 15 ತಿಂಗಳ ಒಳಗೆ ಅರ್ಜಿ ಹೋಗಬೇಕು. ಸುಜಲ, ಕೆರೆ ಯೋಜನೆಗಳ ಕಾಲ ಎಂದೋ ಮುಗಿದಿದೆ, ಈಗಿನ ಹೊಸ ಯೋಜನೆಗಳಿಗೆ ಮಾತ್ರ ಇದು. ಅರ್ಜಿ ದಾಖಲಾದ ಮೇಲೆ ಬ್ಯಾಂಕಿನ ಆಡಳಿತ 21 ಕೆಲಸದ ದಿನದಲ್ಲಿ ಉತ್ತರ ಕೊಡಬೇಕು, ಮುಂದಿನ 21 ದಿನದಲ್ಲಿ ತನಿಖೆ ಬೇಕಾ ಅಂತ ಮಂಡಳಿ ಹೇಳುತ್ತೆ.

ಅರ್ಜಿಯ ಭಾಷೆ ಮುಖ್ಯ. "ಗುತ್ತಿಗೆದಾರ ಸಿಮೆಂಟ್ ತಿಂದ" ಅಂತ ಬರೆದರೆ ಮಂಡಳಿ ಮುಟ್ಟಲ್ಲ, ಭ್ರಷ್ಟಾಚಾರಕ್ಕೆ ಬ್ಯಾಂಕಲ್ಲಿ ಬೇರೆ ವಿಭಾಗ ಇದೆ. "ಸರ್ಕಾರ ಮೋಸ ಮಾಡಿತು" ಅಂತಲೂ ಅಲ್ಲ, ಸರ್ಕಾರದ ಮೇಲೆ ತೀರ್ಪು ಹೇಳೋ ಅಧಿಕಾರ ಅದಕ್ಕಿಲ್ಲ. ಕೋಡಿ ಎತ್ತರಿಸಿದ್ದರಿಂದ ಮೇಲಿನ ಜಮೀನು ಮುಳುಗಿತು, ಮುಳುಗೋರನ್ನ ಮೊದಲೇ ಕೇಳಬೇಕು ಅಂತ ಬ್ಯಾಂಕಿನದ್ದೇ ನಿಯಮ ಇತ್ತು, ಅದು ಪಾಲನೆ ಆಗೋ ಹಾಗೆ ಬ್ಯಾಂಕ್ ನೋಡಿಕೊಳ್ಳಲಿಲ್ಲ: ಈ ಮೂರು ಕೊಂಡಿ ಸೇರಬೇಕು. ಹಾನಿ, ನಿಯಮ, ಬ್ಯಾಂಕಿನ ಲೋಪ. ಪರಿಹಾರ ಕೊಡಿಸೋ ಅಧಿಕಾರವೂ ಮಂಡಳಿಗಿಲ್ಲ, ವರದಿ ಬರೆಯುತ್ತೆ ಅಷ್ಟೆ. ಕೋರ್ಟ್ ದಾರಿ ಹಿಡಿದ ಗುಜರಾತಿನ ಮುಂದ್ರಾ ಮೀನುಗಾರರು, ಅಲ್ಲಿನ ವಿದ್ಯುತ್ ಸ್ಥಾವರಕ್ಕೆ ಸಾಲ ಕೊಟ್ಟ ವಿಶ್ವಬ್ಯಾಂಕ್ ಬಳಗದ ಹಣಕಾಸು ನಿಗಮಕ್ಕೆ ಪೂರ್ತಿ ರಕ್ಷಣೆ ಇಲ್ಲ ಅಂತ 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಂದ ಹೇಳಿಸಿಕೊಂಡು ಬಂದರು. ಆಮೇಲೆ ಕೆಳಗಿನ ಕೋರ್ಟು, ಹಾನಿಗೆ ಕಾರಣವಾದ ಕೆಲಸ ಅಮೆರಿಕದಲ್ಲಿ ನಡೆದದ್ದಲ್ಲ ಅಂತ ಅದನ್ನೂ ವಜಾ ಮಾಡಿತು.

ಅರ್ಜಿ ಕನ್ನಡದಲ್ಲೇ ಬರೀಬಹುದು, ಯಾವ ಭಾಷೆಯಾದರೂ ತಗೋತಾರೆ. ಹೆಸರು ಗುಟ್ಟಾಗಿಡಿ ಅಂತ ಕೇಳಬಹುದು. ಸಹಿ ಮಾತ್ರ ಕನಿಷ್ಠ ಎರಡು ಇರಲಿ.